ಬಿಳಿ ಐದು: ಲಾರಿ ಗ್ಯಾರೇಜಿನಲ್ಲಿ ನಾವು ಬ್ಯಾಂಡ್ ಕಟ್ಟಿದ್ದು

ಗ್ಯಾರೇಜ್ ರಾಕ್ ಅನ್ನುವ ಮಾತು ನನ್ನ ಕಿವಿಗೆ ಬಿದ್ದದ್ದು ನಮ್ಮ ಬ್ಯಾಂಡ್ ಮುಗಿದುಹೋದ ಮೇಲೆ. ಅಷ್ಟರಲ್ಲಿ ಎರಡು ವರ್ಷ ನಾವು ಅದನ್ನೇ ಮಾಡಿ ಮುಗಿಸಿದ್ದೆವು, ಅದೂ ಅಸಲಿ ಗ್ಯಾರೇಜಿನಲ್ಲಿ. 1960ರ ದಶಕದಲ್ಲಿ ಅಮೆರಿಕದ ಹುಡುಗರು ಅಪ್ಪನ ಕಾರನ್ನು ಆಚೆ ನಿಲ್ಲಿಸಿ ಆ ಜಾಗದಲ್ಲಿ ಬಾರಿಸುತ್ತಿದ್ದರಂತೆ, ಅದಕ್ಕೇ ಆ ಹೆಸರು. ನಮ್ಮಪ್ಪನ ಹತ್ತಿರ ಇದ್ದದ್ದು ಟಿವಿಎಸ್ ಎಕ್ಸೆಲ್. ಅದಕ್ಕೆ ಜಗಲಿ ಸಾಕು.

ನಮ್ಮದು ಲಾರಿ ಗ್ಯಾರೇಜ್. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವ ರಸ್ತೆಯ ಪಕ್ಕ ತಗಡಿನ ಶೆಡ್ಡು, ನೆಲದ ತುಂಬ ಗ್ರೀಸು, ಮೂಲೆಯಲ್ಲಿ ವೆಲ್ಡಿಂಗ್ ಮಷೀನು. 2008ರ ಬೇಸಿಗೆ. ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಬಿಸಿಲಿಗೆ ಬಿದ್ದಿದ್ದೆವು. ಊರಿಗೆ ಆಗ ಕಬ್ಬಿಣದ ಅದಿರಿನ ಹುಚ್ಚು. ಸಂಡೂರು, ಹೊಸಪೇಟೆ ಕಡೆಯ ಗಣಿಗಳಿಂದ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿನವರೆಗೂ ಸಾಲುಗಟ್ಟುತ್ತಿದ್ದವು. ಮಾಲು ಚೀನಾಕ್ಕೆ ಹೋಗುತ್ತೆ ಅಂತ ಚಹಾ ಅಂಗಡಿಯವನಿಗೂ ಗೊತ್ತಿತ್ತು. ಗ್ಯಾರೇಜ್‌ಗಳಿಗೆ ಹಗಲೂ ರಾತ್ರಿ ಕೆಲಸ. ಹಾಗಾಗಿ ನಮಗೆ ಜಾಗ ಸಿಕ್ಕಿದ್ದು ಹೇಗೆ ಅಂತ ಕೇಳಬಹುದು. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮೇಸ್ತ್ರಿ ಮಾಮ ನಾಲ್ಕು ಗಂಟೆ ಮಲಗುತ್ತಿದ್ದರು. ಆ ನಾಲ್ಕು ಗಂಟೆ ನಮ್ಮದು. ಡ್ರಮ್ ಬಾರಿಸುವ ಹುಡುಗನ ಸೋದರಮಾವ ಅವರು. ನಮ್ಮ ಗದ್ದಲದಲ್ಲೂ ಮಲಗುತ್ತಿದ್ದರು, ಅದೇ ಅವರ ದೊಡ್ಡಗುಣ. ಎದ್ದ ಮೇಲೆ ಒಂದೇ ಮಾತು: "ಏನ್ ಸೌಂಡ್ ಮಾಡ್ತೀರಲೇ, ಗೇರ್‌ಬಾಕ್ಸ್ ಹೋದಂಗ ಐತಿ."

ನಾವು ನಾಲ್ಕು ಜನ. ನನ್ನದು ಗಿಟಾರ್. ಡ್ರಮ್ಮಿನವನು ನನ್ನ ಕ್ಲಾಸಿನವನೇ, ಸಣ್ಣವನಿದ್ದಾಗಿನಿಂದ ಮೊಹರಂ ಅಲಾಯಿ ಕುಣಿತಕ್ಕೆ ಹಲಗೆ ಬಾರಿಸಿದವನು. ಮೂರನೆಯವನು ಹಾರ್ಮೋನಿಯಂ ಹುಡುಗ, ಅವನ ತಾತನದು ಭಜನಾ ಮಂಡಳಿ. ಹಾಡುವವನು ಲಾರಿ ಕ್ಲೀನರ್. ನಮಗಿಂತ ಒಂದು ವರ್ಷ ದೊಡ್ಡವನು, ಕೌಲ್ ಬಜಾರಿನವನು, ಶಾಲೆ ಬಿಟ್ಟು ಎರಡು ವರ್ಷ ಆಗಿತ್ತು. ನಾವು ಅವನನ್ನು ಭಾಯ್ ಅನ್ನುತ್ತಿದ್ದೆವು. ಲಾರಿ ಹಿಂದೆ ನಿಂತು "ರೈಟ್ ರೈಟ್ ರೈಟ್... ಹೋಲ್ಡಾನ್!" ಅಂತ ಕೂಗಿ ಕೂಗಿ ಅವನ ಗಂಟಲು ಎಂಥದಾಗಿತ್ತು ಅಂದರೆ, ಇಂಜಿನ್ ಚಾಲೂ ಇದ್ದರೂ ಪೂರಾ ರಸ್ತೆಗೆ ಕೇಳುತ್ತಿತ್ತು. ಅವನನ್ನು ನಾವು ಆರಿಸಿಕೊಂಡದ್ದು ಅಂತಲ್ಲ. ಒಂದು ಭಾನುವಾರ ಲಾರಿ ಕೆಳಗಿನಿಂದ ನಮ್ಮ ಹಾಡಿಗೆ ಸೇರಿಸಿ ಕೂಗಿದ. ಆವತ್ತಿಗೆ ಮುಗಿಯಿತು, ಹಾಡುಗಾರ ಅವನೇ.

ಬ್ಯಾಂಡಿಗೆ ಹೆಸರು ಕೊನೆಗೂ ಇಡಲಿಲ್ಲ. ಇಡೋಣ ಅಂತ ಕೂತಾಗಲೆಲ್ಲ ಜಗಳ.

ಮೊದಲ ಗಿಟಾರ್ ಗಿವ್ಸನ್, ಸೆಕೆಂಡ್ ಹ್ಯಾಂಡ್, ಎರಡು ಸಾವಿರಕ್ಕೆ ಐವತ್ತು ಕಮ್ಮಿ. ಅದು ಕರೆಂಟಿಲ್ಲದ ಕಟ್ಟಿಗೆ ಗಿಟಾರ್. ತಗಡಿನ ಶೆಡ್ಡಿನಲ್ಲಿ ಡ್ರಮ್ ಪಕ್ಕ ಅದನ್ನು ನುಡಿಸಿದರೆ ನನಗೇ ಕೇಳಿಸುತ್ತಿರಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಪೀಝೋ ಬಿಲ್ಲೆ ಸಿಗುತ್ತಿತ್ತು, ಗಡಿಯಾರದ ಅಲಾರಂ ಒಳಗೆ ಇರುತ್ತಲ್ಲ, ಅದು. ಗಿಟಾರಿನ ಬ್ರಿಡ್ಜಿನ ಹತ್ತಿರ ಟೇಪ್ ಹಾಕಿ ಅಂಟಿಸಿದೆ. ಸದ್ದು ಬಂತು, ಆದರೆ ಬೋರ್ವೆಲ್ ಪೈಪಿಗೆ ಸ್ಪಾನರ್ ಬಿದ್ದ ಸದ್ದು. ಒಂದು ವರ್ಷ ಅದರಲ್ಲೇ ಕಳೆದೆ. 2009ರಲ್ಲಿ ಬೆಂಗಳೂರಿನಿಂದ ನಮ್ಮ ದೊಡ್ಡಪ್ಪನ ಮಗ ಒಂದು ಎಲೆಕ್ಟ್ರಿಕ್ ಗಿಟಾರನ್ನು ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ತಲೆದಿಂಬಿನ ಹಾಗೆ ಇಟ್ಟುಕೊಂಡು ತಂದುಕೊಟ್ಟ. ಅದಕ್ಕೆ ಬೇಕಾದ ಆಂಪ್ಲಿಫೈಯರ್ ತರಲು ಯಾರ ಹತ್ತಿರ ದುಡ್ಡಿತ್ತು?

ಇದ್ದದ್ದು ಭಜನಾ ಮಂಡಳಿಯ ಅಹೂಜಾ. ಗುಡಿಯಲ್ಲಿ, ಮದುವೆಯಲ್ಲಿ, ಎಲೆಕ್ಷನ್ ಆಟೋದಲ್ಲಿ ಎಲ್ಲ ಕಡೆ ಇರುತ್ತಲ್ಲ, ಅದೇ ಬೂದು ಬಣ್ಣದ ಡಬ್ಬ. ಅದರ ಹಿಂದೆ ಮೈಕಿಗೆ ಒಂದಿಷ್ಟು ತೂತು, ಟೇಪ್ ರೆಕಾರ್ಡರ್ ಹಾಕಲು ಆಕ್ಸ್ ಅಂತ ಒಂದು ತೂತು. ಗೊತ್ತಿಲ್ಲದೆ ನಾನು ಗಿಟಾರನ್ನು ಮೈಕಿನ ತೂತಿಗೆ ಚುಚ್ಚಿದೆ. ಬಂದ ಸದ್ದು ಕೇಳಿ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿ.ಡಿ.ಯಲ್ಲಿ ಕೇಳಿದ್ದ ಹರಿದ ಸದ್ದು ಅದೇ!

ಈಗ ನಾನು ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಧಂದೆಯಲ್ಲಿದ್ದೇನೆ, ಹಾಗಾಗಿ ಯಾಕೆ ಹಾಗಾಯಿತು ಅಂತ ಹೇಳಬಲ್ಲೆ. ಮೈಕಿನಿಂದ ಬರುವುದು ಒಂದೆರಡು ಮಿಲಿವೋಲ್ಟ್. ಮೈಕಿನ ತೂತು ಅಷ್ಟನ್ನು ಹಿಗ್ಗಿಸುವುದಕ್ಕೆ ತಯಾರಾಗಿರುತ್ತೆ. ಗಿಟಾರಿನಲ್ಲಿ ತಂತಿಯ ಅಲುಗಾಟ ಹಿಡಿಯುವ ಪಿಕಪ್ಪಿನಿಂದ ಬರುವುದು ನೂರು ಮಿಲಿವೋಲ್ಟ್, ಜೋರಾಗಿ ಹೊಡೆದರೆ ಇನ್ನೂ ಜಾಸ್ತಿ. ಓವರ್‌ಲೋಡ್ ಲಾರಿ ರೈಲ್ವೆ ಕೆಳಸೇತುವೆ ಅಡಿ ನುಗ್ಗಿದರೆ ಮೇಲಿನ ಗುಡ್ಡೆ ಹೇಗೆ ಸಪಾಟಾಗುತ್ತೋ, ಸದ್ದಿನ ಅಲೆಯ ತಲೆಯೂ ಹಾಗೇ ಸಪಾಟಾಗುತ್ತೆ. ಕಿವಿಗೆ ಅದು ಗರಗಸ. ಇದಕ್ಕೆ ಅಂತಲೇ ಸಾವಿರಾರು ರೂಪಾಯಿಯ ಪೆಡಲ್‌ಗಳು ಬರುತ್ತವೆ. ನಮಗೆ ತಪ್ಪು ತೂತಿನಿಂದ ಪುಕ್ಕಟೆ ಸಿಕ್ಕಿತು. ಮಾರನೇ ದಿನ ಭಜನೆಗೆ ಅದೇ ಆಂಪ್ಲಿಫೈಯರ್ ಹೋಗಬೇಕಿತ್ತು. ಎರಡು ಸಲ ಅದರ ಫ್ಯೂಸ್ ಸುಟ್ಟಿದ್ದು ನಾವೇ ಅಂತ ತಾತನಿಗೆ ಇವತ್ತಿಗೂ ಹೇಳಿಲ್ಲ.

ಶ್ರುತಿ ಮಾಡುವುದು ಇನ್ನೊಂದು ಕಥೆ. ಟ್ಯೂನರ್ ಇರಲಿಲ್ಲ, ಇದ್ದದ್ದು ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಮನೆಗಳನ್ನು ಸರಿಗಮಕ್ಕಿಂತ ಮೊದಲು ಬಿಳಿ ಒಂದು, ಬಿಳಿ ಎರಡು, ಕರಿ ಒಂದು ಅಂತ ಎಣಿಸುತ್ತಾರೆ. ಸೈಬರ್ ಕೆಫೆಯಲ್ಲಿ ಎರಡು ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸಿದ ಹಾಳೆಯಲ್ಲಿ ಗಿಟಾರಿನ ತಂತಿಗಳು ಇ, ಎ, ಡಿ, ಜಿ, ಬಿ, ಇ ಅಂತಿದ್ದವು. ಹಾರ್ಮೋನಿಯಂ ಹುಡುಗ ಒಂದು ಸಂಜೆ ಕೂತು ಎರಡನ್ನೂ ಜೋಡಿಸಿದ: ದಪ್ಪ ತಂತಿ ಬಿಳಿ ಮೂರು, ಆಮೇಲೆ ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಕೊನೆಗೆ ಮತ್ತೆ ಬಿಳಿ ಮೂರು. ಮೂರು-ಆರು-ಎರಡು-ಐದು-ಏಳು-ಮೂರು. ಫೋನ್ ನಂಬರಿನ ಹಾಗೆ ಬಾಯಿಪಾಠ. ಇವತ್ತಿಗೂ ಯಾರಾದರೂ ಜಿ ಅಂದರೆ ನನ್ನ ತಲೆಯಲ್ಲಿ ಬಿಳಿ ಐದು ಅಂತಲೇ ಕೇಳಿಸುತ್ತೆ.

ಏಪ್ರಿಲ್, ಮೇ ಬಂದರೆ ಶ್ರುತಿ ನಿಲ್ಲುತ್ತಲೇ ಇರಲಿಲ್ಲ. ಹೊರಗೆ 40 ಡಿಗ್ರಿ ದಾಟಿದರೆ ತಗಡಿನ ಕೆಳಗೆ ಇನ್ನೆಷ್ಟೋ. ಕಾದ ತಂತಿ ಹಿಗ್ಗುತ್ತೆ, ಹಿಗ್ಗಿದರೆ ಸಡಿಲ ಆಗುತ್ತೆ, ಸ್ವರ ಇಳಿಯುತ್ತೆ. ಪ್ರತಿ ಹಾಡಿಗೂ ಕಿವಿ ತಿರುವಬೇಕು. ಬೆವರಿಗೆ ತಂತಿ ಹದಿನೈದು ದಿನಕ್ಕೇ ತುಕ್ಕು. ಹೊಸ ಸೆಟ್ ಕೊಳ್ಳಲು ಆಗದೆ ಹಳೆಯದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ಮತ್ತೆ ಹಾಕುತ್ತಿದ್ದೆ. ಒಳ್ಳೆಯ ಉಪಾಯ ಅಂತ ಹೇಳಲ್ಲ. ಬೆರಳು ಮೂರು ದಿನ ನಾರುತ್ತಿತ್ತು.

ಡ್ರಮ್‌ಸೆಟ್ ಮದುವೆ ಬ್ಯಾಂಡಿನವರದು. ಚರ್ಮ ಹರಿದು ಮೂಲೆಗೆ ಬಿದ್ದಿದ್ದ ದೊಡ್ಡ ಡ್ರಮ್ಮೂ ಒಂದು ಸೈಡ್ ಡ್ರಮ್ಮೂ ಒಂದೂವರೆ ಸಾವಿರಕ್ಕೆ ಸಿಕ್ಕವು. ಸಿಂಬಲ್ಲಿಗೆ ಅಂಚು ಸೀಳಿತ್ತು. ಕಾಲಿನಿಂದ ಹೊಡೆಯುವ ಪೆಡಲ್ ಮಾತ್ರ ಎಲ್ಲೂ ಸಿಗಲಿಲ್ಲ. ಮೇಸ್ತ್ರಿ ಮಾಮ ಒಂದು ಭಾನುವಾರ ನಿದ್ದೆ ಬಿಟ್ಟು ಅದನ್ನು ಮಾಡಿಕೊಟ್ಟರು. ಲಾರಿಯ ಹಳೆಯ ಕ್ಲಚ್ ಪೆಡಲ್, ಬ್ರೇಕ್ ಶೂ ಎಳೆದು ಹಿಡಿಯುವ ಸ್ಪ್ರಿಂಗು, ತುದಿಗೆ ಕಡ್ಡಿ, ಕಡ್ಡಿಯ ತಲೆಗೆ ಟ್ಯೂಬ್ ರಬ್ಬರ್ ಸುತ್ತಿದ ಕಟ್ಟಿಗೆ ಗುಂಡು. ಸ್ಪ್ರಿಂಗ್ ಲಾರಿಯದ್ದಲ್ಲವಾ, ತುಳಿದರೆ ಇಳಿಯುತ್ತಲೇ ಇರಲಿಲ್ಲ. ಎರಡು ಸುರುಳಿ ಕತ್ತರಿಸಿದರು. ಮತ್ತೂ ಗಟ್ಟಿ. ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸ್ಪ್ರಿಂಗ್ ಗಿಡ್ಡ ಮಾಡಿದರೆ ಇನ್ನೂ ಗಟ್ಟಿ ಆಗುತ್ತೆ ಅಂತ. ಮಾಮನಿಗೆ ಗೊತ್ತಿತ್ತು, ಆದರೆ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಸ್ಕೂಟರ್ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿದ ಮೇಲೆ ಸರಿಹೋಯಿತು. ಆ ಪೆಡಲ್ಲಿನ ತೂಕಕ್ಕೆ ಅದು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಈಗಿನ ಕಂಪನಿ ಪೆಡಲ್‌ಗಳು ಸರಿದು ಸರಿದು ಮುಂದೆ ಹೋಗುವುದು ನೋಡಿದಾಗ ನನಗೆ ಅದೇ ನೆನಪು.

ಪೆಡಲ್ ಬಂತು, ತಾಳ ಬರಲಿಲ್ಲ. ರಾಕ್ ತಾಳದಲ್ಲಿ ನಾಲ್ಕು ಎಣಿಕೆ, ಸೈಡ್ ಡ್ರಮ್ಮಿನ ಪೆಟ್ಟು ಎರಡಕ್ಕೂ ನಾಲ್ಕಕ್ಕೂ ಬೀಳಬೇಕು. ನಮ್ಮವನ ಕೈ ಹಲಗೆಯ ಕೈ. ಒಂದಕ್ಕೇ ಬಲವಾಗಿ ಕೊಟ್ಟು, ಮಧ್ಯದಲ್ಲಿ ಕಿರುಬೆರಳಿನಷ್ಟು ಸಣ್ಣ ಪೆಟ್ಟುಗಳನ್ನು ಉದುರಿಸಿಕೊಂಡು ಬರುತ್ತಿದ್ದ. ನಾನು ಆರು ತಿಂಗಳು ಅವನನ್ನು ತಿದ್ದಲು ನೋಡಿದೆ. ನನ್ನದೇ ದಡ್ಡತನ. ಒಂದು ದಿನ ಭಾಯ್ ಹೇಳಿದ, "ಅಂವ ಬಾರಿಸೋದು ಕೇಳಿದ್ರ ಕಾಲು ತಾನ ಎದ್ದೇಳ್ತೈತಿ, ನೀ ಯಾಕ ಎಣಿಸ್ತೀ?" ಅಲ್ಲಿಗೆ ತಿದ್ದುವುದು ಬಿಟ್ಟೆ. ಗಿಟಾರ್ ಕೈಯನ್ನೇ ಹಲಗೆ ಹಿಂದೆ ಓಡಿಸಿದೆ. ನಮ್ಮ ಸದ್ದು ನಮ್ಮದಾಗಿದ್ದು ಆಗ.

ಬೇಸ್ ಗಿಟಾರ್ ಊರಲ್ಲೇ ಇರಲಿಲ್ಲ, ಹಾರ್ಮೋನಿಯಂನ ಖರ್ಜದ, ಅಂದರೆ ತೀರ ಕೆಳಗಿನ ಸ್ವರದ, ರೀಡೇ ನಮ್ಮ ಬೇಸ್. ಹುಡುಗ ಎಡಗೈಯಲ್ಲಿ ತಿದಿ ಒತ್ತುತ್ತ ಬಲಗೈಯಲ್ಲಿ ಕೆಳಗಿನ ಮನೆಗಳನ್ನು ಒಂದೊಂದೇ ಹಿಡಿದು ಕೂರುತ್ತಿದ್ದ. ನಮಗೆ ನಾಚಿಕೆ, ರಾಕ್ ಬ್ಯಾಂಡಿನಲ್ಲಿ ಹಾರ್ಮೋನಿಯಂ ಅಂತ. ಆಮೇಲೆ ಓದಿದರೆ, ಅರವತ್ತರ ದಶಕದ ಆ ಅಮೆರಿಕದ ಹುಡುಗರಲ್ಲೂ ಎಷ್ಟೋ ಜನ ಫಾರ್ಫಿಸಾ, ವಾಕ್ಸ್ ಅನ್ನುವ ಅಗ್ಗದ ಆರ್ಗನ್ ಇಟ್ಟುಕೊಂಡೇ ಬಾರಿಸಿದ್ದರು. ನಮ್ಮ ದೇಶದಲ್ಲೂ ಅಂಥ ಹುಡುಗರಿದ್ದರು. 1970, 71ರಲ್ಲಿ ಸಿಮ್ಲಾ ಎಂಬ ಸಿಗರೇಟಿನ ಹೆಸರಲ್ಲಿ ಸಿಮ್ಲಾ ಬೀಟ್ ಸ್ಪರ್ಧೆ ನಡೆದು, ಅವರ ಹಾಡುಗಳ ಎಲ್‌ಪಿ ಕೂಡ ಬಂದಿವೆ. ಮೊದಲೇ ಗೊತ್ತಿದ್ದರೆ ಸ್ವಲ್ಪ ಎದೆ ಉಬ್ಬಿಸಿ ನಡೆಯುತ್ತಿದ್ದೆವೇನೋ.

ಮೊದಮೊದಲು ಅಹೂಜಾಕ್ಕೆ ಕಟ್ಟಿದ್ದು ಅಲ್ಯೂಮಿನಿಯಂ ಹಾರ್ನ್. ಅದರಲ್ಲಿ ಕೆಳಗಿನ ಸ್ವರ ಹೊರಡುವುದೇ ಇಲ್ಲ, ಹಾರ್ಮೋನಿಯಂ ಬೇಸ್ ಎಲ್ಲ ಗಾಳಿಗೆ. ಪ್ಲೈವುಡ್ ತಂದು, 12 ಇಂಚಿನ ಸ್ಪೀಕರ್ ಕೂರಿಸಿ ಪೆಟ್ಟಿಗೆ ಮಾಡಿದೆವು. ಬೇಸ್ ಬಂತು. ಅದರ ಜೊತೆ ಕರೆಂಟಿನ ಗುಂಯ್ ಅನ್ನುವ ಸದ್ದೂ ಬಂತು. ಅಷ್ಟು ದಿನ ಹಾರ್ನ್ ಅದನ್ನು ನುಂಗಿಕೊಂಡಿತ್ತು ಅಷ್ಟೆ. ಅದಕ್ಕಿಂತ ಕೆಟ್ಟದ್ದು ಶಾಕ್. ಗಿಟಾರ್ ತಂತಿ ಮೇಲೆ ಕೈ ಇಟ್ಟು ಬಾಯಿ ಮೈಕಿಗೆ ತಾಗಿಸಿದರೆ ತುಟಿಗೆ ಚುರ್. ಭಾಯ್ ಮೈಕಿಗೆ ಕರ್ಚೀಫ್ ಸುತ್ತಿಕೊಂಡು ಹಾಡುತ್ತಿದ್ದ, ಜನ ಅದನ್ನು ಸ್ಟೈಲ್ ಅಂದುಕೊಂಡರು. ಶೆಡ್ಡಿನ ಪ್ಲಗ್ಗಿನಲ್ಲಿ ಅರ್ತ್ ಅನ್ನುವುದೇ ಇರಲಿಲ್ಲ. ಗೊತ್ತಿದ್ದ ಒಬ್ಬ ಲೈನ್‌ಮನ್ ಅಣ್ಣನನ್ನು ಕರೆದು ತಂದೆವು. ಆಳವಾಗಿ ಗುಂಡಿ ತೋಡಿ, ಕಬ್ಬಿಣದ ಪೈಪ್ ಇಳಿಸಿ, ಸುತ್ತ ಉಪ್ಪು, ಇದ್ದಿಲು ಹಾಕಿ, ನೀರು ಸುರಿದ. ದಿನಾ ಒಂದು ಬಕೆಟ್ ನೀರು ಹಾಕಬೇಕು ಅಂತ ತಾಕೀತು ಮಾಡಿದ. ಬಳ್ಳಾರಿ ಬೇಸಿಗೆಯಲ್ಲಿ ಗಿಡಕ್ಕೇ ನೀರಿಲ್ಲ, ನಾವು ಪೈಪಿಗೆ ಹಾಕುತ್ತಿದ್ದೆವು. ಹಳೇ ಗಿಟಾರ್, ಹಳೇ ಮೈಕ್ ಇಟ್ಟುಕೊಂಡು ಶುರು ಮಾಡುವ ಹುಡುಗರು ಯಾರಾದರೂ ಓದುತ್ತಿದ್ದರೆ, ಮೊದಲು ಅರ್ತ್ ಮಾಡಿಸಿ, ಆಮೇಲೆ ಹಾಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಶಾಕ್ ನಿಂತಿತು. ಗುಂಯ್ ಕಮ್ಮಿಯಾಯಿತು, ಹೋಗಲಿಲ್ಲ. ಟ್ಯೂಬ್‌ಲೈಟಿನ ಚೋಕು, ನಮ್ಮ ಅಗ್ಗದ ವೈರು, ಕಾರಣ ನೂರು. ಆಗ ಹಾರ್ಮೋನಿಯಂ ಹುಡುಗ ತಿದಿ ಒತ್ತಿ ಒಂದೊಂದೇ ಮನೆ ಹಿಡಿದು ಹುಡುಕಿದ. "ಇದು ಬಿಳಿ ಐದು ಕಣೋ" ಅಂದ. ನಿಜ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತೆ, ಅದರ ದುಪ್ಪಟ್ಟು 100. ಖರ್ಜದ ಬಿಳಿ ಐದು ಸುಮಾರು 98. ಎರಡೂ ಒಟ್ಟಿಗೆ ಕೇಳಿದರೆ ಆ ಎರಡರ ವ್ಯತ್ಯಾಸ ಸೆಕೆಂಡಿಗೆ ಎರಡು ಸಲ ವ್ಹಾಂ, ವ್ಹಾಂ ಅಂತ ತೂಗುತ್ತೆ. ಓಡಿಸಲಾಗದ ಸದ್ದನ್ನು ತಂಬೂರಿ ಮಾಡಿಕೊಂಡೆವು. ನಮ್ಮ ಹಾಡುಗಳೆಲ್ಲ ಬಿಳಿ ಐದರಲ್ಲೇ. ಡ್ರಮ್ಮಿನವನು ಆ ವ್ಹಾಂ ವ್ಹಾಂ ಹಿಡಿದೇ ನಡೆ ಶುರು ಮಾಡುತ್ತಿದ್ದ. ಒಂದು ವಿಚಿತ್ರ ಏನೆಂದರೆ, ಕೆಲವು ಸಂಜೆ ಅದು ನಿಧಾನ ಆಗುತ್ತಿತ್ತು, ಹಾಡೂ ನಿಧಾನ. ನಮಗೇ ಸುಸ್ತಾಗಿದೆ ಅಂದುಕೊಳ್ಳುತ್ತಿದ್ದೆವು. ಆ ದಿನಗಳಲ್ಲಿ ಲೋಡ್ ಹೆಚ್ಚಾದರೆ ಗ್ರಿಡ್ 50ರಿಂದ 49ರ ಕಡೆ ಇಳಿಯುತ್ತಿತ್ತು. ಊರಿನ ಪಂಪ್‌ಸೆಟ್‌ಗಳೆಲ್ಲ ಚಾಲೂ ಆದರೆ ನಮ್ಮ ಹಾಡು ನಿಧಾನ. ಇದು ತಿಳಿದಾಗ ನಾನು ಒಬ್ಬನೇ ಕೂತು ತುಂಬ ಹೊತ್ತು ನಕ್ಕೆ.

ಬೇರೆಯವರ ಹಾಡು ನಮಗೆ ಕೂಡಿ ಬರಲಿಲ್ಲ, ಇಂಗ್ಲಿಷ್ ನಾಲಿಗೆ ಹೊರಳಲಿಲ್ಲ. ಸ್ವಂತ ಹಾಡು ಐದು ಮಾಡಿದೆವು. ಅದರಲ್ಲಿ ಒಂದು ಮಾತ್ರ ಹೇಳಿಕೊಳ್ಳುವಂಥದ್ದು:

ಅಂಗಿ ಕೆಂಪು, ಅಂಗಳ ಕೆಂಪು,
ಅಮ್ಮ ಒಣಹಾಕಿದ ಸಂಡಿಗಿ ಕೆಂಪು,
ಎಲ್ಲಿಗ್ ಹೊಂಟಿ ಲಾರಿ ಮಾಮಾ,
ಬೆಟ್ಟಾನ ಎಲ್ಲಿಗ್ ಒಯ್ದಿ?

ಬರೆದದ್ದು ನಾನು, ಆದರೆ ಸಂಡಿಗೆಯ ಸಾಲು ಭಾಯ್ ಸೇರಿಸಿದ್ದು. ಇದ್ದುದರಲ್ಲಿ ಅದೇ ಒಳ್ಳೆಯ ಸಾಲು. ಒಂದು ಕಲಿತೆ: ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತೆ. ಒಯ್ದಿ ಅಂತ ಬಾಯಿ ತೆರೆದು ಎಷ್ಟು ದೂರ ಬೇಕಾದರೂ ಎಳೆಯಬಹುದು. ಕೂಗಿ ಹಾಡುವವರಿಗೆ ಇದಕ್ಕಿಂತ ಅನುಕೂಲದ ಭಾಷೆ ಇಲ್ಲ.

ಬಾರಿಸಿದ ಜಾಗಗಳು ಜಾಸ್ತಿ ಇಲ್ಲ. ರಾಘವ ಕಲಾಮಂದಿರದಲ್ಲಿ ಒಮ್ಮೆ ನಿಲ್ಲಬೇಕು ಅಂತ ಆಸೆ ಇತ್ತು, ಬಾಗಿಲವರೆಗೂ ಹೋಗಲಿಲ್ಲ. ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಎರಡನೇ ಹಾಡಿಗೆ ಮೇನ್ ಸ್ವಿಚ್ ತೆಗೆದರು. ಕೆಟ್ಟದಾಗಿ ಬಾರಿಸಿದ್ದಕ್ಕಲ್ಲ, ಕ್ಲೀನರ್ ಹುಡುಗ ನಮ್ಮ ವಿದ್ಯಾರ್ಥಿ ಅಲ್ಲ ಅಂತ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಭಾಯ್ ಮಾತ್ರ ಹೊರಗೆ ಬಂದು, "ಉಗ್ಗಾಣಿ ಮಿರ್ಚಿ ತಿನ್ನಾಣ ಬರ್ರಿ" ಅಂದ. ತಿಂದೆವು.

2009ರ ಗಣಪತಿ ಪೆಂಡಾಲ್ ಮಾತ್ರ ಮರೆಯಲ್ಲ. ಆರ್ಕೆಸ್ಟ್ರಾದವರು ಊಟಕ್ಕೆ ಹೋದಾಗ ಅರ್ಧ ಗಂಟೆ ನಮಗೆ ಕೊಟ್ಟರು. ಹತ್ತು ಗಂಟೆಗೆ ಮೈಕ್ ಬಂದ್ ಆಗಬೇಕು, ಕಾನೂನು. ಒಂಬತ್ತೂಕಾಲಿಗೆ ಹತ್ತಿದೆವು. ಅನೌನ್ಸ್ ಮಾಡುವವರು ಹೆಸರೇನು ಅಂತ ಕೇಳಿದರು, ಇಲ್ಲ ಅಂದೆವು. "ಈಗ ಗ್ಯಾರೇಜ್ ಹುಡುಗರಿಂದ ಕಾರ್ಯಕ್ರಮ" ಅಂದುಬಿಟ್ಟರು. ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೊದಲ ಹಾಡಿಗೆ ಜನ ಸುಮ್ನೆ ನೋಡಿದರು. ಹಿಂದಿನಿಂದ ಒಬ್ಬ ತೆಲುಗು ಸಿನಿಮಾ ಹಾಡು ಹಾಕ್ರಿ ಅಂತ ಕೂಗಿದ. ಎರಡನೆಯದು ಲಾರಿ ಹಾಡು. ನಾಲ್ಕು ಸಾಲು ಆಗಿರಲಿಲ್ಲ, ಕರೆಂಟ್ ಹೋಯಿತು. ಗಿಟಾರ್ ಸತ್ತಿತು, ಮೈಕ್ ಸತ್ತಿತು. ಡ್ರಮ್ಮಿನವನು ನಿಲ್ಲಿಸಲಿಲ್ಲ, ಹಲಗೆ ನಡೆಗೆ ಬಿದ್ದುಬಿಟ್ಟ. ಹಾರ್ಮೋನಿಯಂಗೆ ಕರೆಂಟ್ ಬೇಡ. ಭಾಯ್‌ಗೆ ಮೈಕ್ ಮೊದಲಿನಿಂದಲೂ ಬೇಡ. ಕತ್ತಲಲ್ಲಿ "ಬೆಟ್ಟಾನ ಎಲ್ಲಿಗ್ ಒಯ್ದಿ" ಅಂತ ಅವನು ಎಳೆದದ್ದಕ್ಕೆ ಮುಂದಿನ ಸಾಲಿನ ಹುಡುಗರು ದನಿಗೂಡಿಸಿದರು, ಕುಣಿದರು. ನಾನೊಬ್ಬ ಸತ್ತ ಗಿಟಾರ್ ಹಿಡಿದು ನಿಂತಿದ್ದೆ. ನಮ್ಮ ಬ್ಯಾಂಡ್ ಎಲ್ಲಕ್ಕಿಂತ ಚೆನ್ನಾಗಿ ಬಾರಿಸಿದ್ದು ಆವತ್ತು, ನಾನಿಲ್ಲದೆ. ಜನರೇಟರ್ ಬಂದಾಗ ಆರ್ಕೆಸ್ಟ್ರಾದವರು ಊಟ ಮುಗಿಸಿ ಬಂದಿದ್ದರು.

2010ರ ಜನವರಿಯಲ್ಲಿ ಸೈಕಲ್ ಹತ್ತಿ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡದ ಕಡೆ ಹೋದೆವು. ಅಲ್ಲಿ ಬಂಡೆ ಬಾರಿಸಿದರೆ ಗಂಟೆಯ ಹಾಗೆ ನುಡಿಯುತ್ತೆ ಅಂತ ಕೇಳಿದ್ದೆವು. ನಿಜಕ್ಕೂ ನುಡಿಯಿತು, ಕರಿ ಕಲ್ಲು, ಠಣ್ ಅಂತ. ಶಿಲಾಯುಗದವರು ಬಡಿದು ಬಡಿದು ಮಾಡಿದ ಗುಳಿಗಳೂ ಅಲ್ಲಿವೆ. ಫಾಸೆಟ್ ಅನ್ನುವ ಇಂಗ್ಲಿಷಿನವನು 1892ರಲ್ಲೇ ಇದನ್ನು ಬರೆದಿದ್ದ. ನಿಕೋಲ್ ಬೊಯಿವಿನ್ ಅನ್ನುವ ಪುರಾತತ್ವ ಸಂಶೋಧಕಿ ಮತ್ತೆ ಹುಡುಕಿ 2004ರಲ್ಲಿ ಆಂಟಿಕ್ವಿಟಿ ಅನ್ನುವ ಪುರಾತತ್ವ ಪತ್ರಿಕೆಯಲ್ಲಿ ಬರೆದರು. "ಬಳ್ಳಾರಿ ಫಸ್ಟ್ ರಾಕ್ ಬ್ಯಾಂಡ್ ಇವರಲೇ" ಅಂತ ಡ್ರಮ್ಮಿನವನು ಕೈಮುಗಿದ. ನಾವು ಮೂರ್ನಾಲ್ಕು ಪೆಟ್ಟು ಹೊಡೆದೆವು, ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಹುಡುಗಾಟ. ನೀವು ಹೋದರೆ ನೋಡಿ ಬನ್ನಿ, ಬಡಿಯಬೇಡಿ. ಕಲ್ಲುಕ್ವಾರಿಯಿಂದ ಅಲ್ಲಿ ಹಾಳಾದದ್ದೇ ಸಾಕಷ್ಟಿದೆ.

ರೆಕಾರ್ಡಿಂಗ್ ಅಂತ ಉಳಿದಿರುವುದು ಒಂದೇ. 2010ರ ಮೇ ತಿಂಗಳು, ಪಿ.ಯು.ಸಿ. ಮುಗಿದು ಇನ್ನೇನು ಎಲ್ಲರೂ ಚೆಲ್ಲಾಪಿಲ್ಲಿ ಆಗುವ ಹೊತ್ತು. ನೋಕಿಯಾ ಫೋನನ್ನು ಡ್ರಮ್ ಹತ್ತಿರ ಇಟ್ಟರೆ ಬರೀ ಕರಕರ, ಅದರ ಮೈಕೂ ಓವರ್‌ಲೋಡ್. ಟವೆಲ್ ಸುತ್ತಿದರೆ ಮಾತು ಕೇಳಿಸಲ್ಲ. ಕೊನೆಗೆ ಸರ್ವಿಸಿಗೆ ಬಂದಿದ್ದ ಭಾಯ್‌ದೇ ಲಾರಿಯ ಕ್ಯಾಬಿನ್ ಒಳಗೆ ಫೋನ್ ಇಟ್ಟು, ಕಿಟಕಿ ಗಾಜು ಎರಡು ಬೆರಳು ಇಳಿಸಿದೆವು. ಗಾಜು ಎಷ್ಟು ಇಳಿಸಿದರೆ ಎಷ್ಟು ಸದ್ದು ಅಂತ ಆರು ಸಲ ನೋಡಿದೆವು. ಏಳನೇ ಸಲ ಬಂದದ್ದು ಸರಿಯಾಗಿ ಬಂತು.

ಆ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ, 2011ರ ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಆಗಬೇಕಾದದ್ದೇ ಆಯಿತು ಅಂತ ನಾನೂ ಹೇಳುತ್ತೇನೆ. ಆದರೆ ಸಾಲ ಮಾಡಿ ತಂದ ಲಾರಿಗಳು ರಸ್ತೆ ಬದಿಗೆ ನಿಂತೇ ಟೈರು ಕಳೆದುಕೊಂಡವು. ಮೇಸ್ತ್ರಿ ಮಾಮ ಎಲ್ಲ ದಿನವೂ ಮಧ್ಯಾಹ್ನ ಮಲಗುವಂತಾಯಿತು. ಈಗ ಬೇಕಾದಷ್ಟು ಹೊತ್ತು ಶೆಡ್ಡು ಖಾಲಿ, ಬಾರಿಸುವವರಿಲ್ಲ. ಭಾಯ್ ಆಗಲೇ ಚೆನ್ನೈ ಕಡೆ ಟ್ರೇಲರ್ ಹತ್ತಿದ್ದ. ಹಾರ್ಮೋನಿಯಂ ಹುಡುಗ ಇಂಜಿನಿಯರಿಂಗ್. ಡ್ರಮ್ಮಿನವನು ಇಲ್ಲೇ ಜೀನ್ಸ್ ಹೊಲಿಗೆ ಘಟಕದಲ್ಲಿದ್ದಾನೆ, ಮೊಹರಂ ಬಂದರೆ ಹಲಗೆ ತಪ್ಪಿಸಲ್ಲ.

ರೆಕಾರ್ಡಿಂಗ್ ಮೂರು ನಿಮಿಷ ನಲವತ್ತು ಸೆಕೆಂಡ್ ಇದೆ. ಶುರುವಿಗೆ ಬಂಡೆಯ ಠಣ್ ಕೂಡಿಸಿದ್ದೇವೆ. ಆಮೇಲೆ ವ್ಹಾಂ ವ್ಹಾಂ, ಆಮೇಲೆ ಹಲಗೆ ನಡೆ. ಹಾಡು ಮುಗಿಯುತ್ತೆ, ಯಾರೋ ನಗುತ್ತಾರೆ. ಕ್ಯಾಬಿನ್ ಬಾಗಿಲು ಕಿರ್ ಅನ್ನುತ್ತೆ. ಡ್ರೈವರ್ ಅಣ್ಣನ ದನಿ, ಫೋನಿಗೆ ತೀರ ಹತ್ತಿರ: "ಯಾರ್ದಲೇ ಇದು ಫೋನು? ತಕ್ಕೋರಿ. ಲೋಡಿಗೆ ಹೋಗಬೇಕು."